ಬನ್ನುವಿನ ದವಡೆ ಹಲ್ಲು

ಬೇಕರಿಯ ಹಿಂದಿನ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡದ ದಿನ ಬ್ರೆಡ್ ಸರಿಯಾಗಿ ಉಬ್ಬುವುದಿಲ್ಲ ಎಂದು ಒಲೆಯ ಮುಂದೆ ದುಡಿಯುವವರು ತಮಾಷೆ ಮಾಡುತ್ತಿದ್ದರು. ಜಗಳ ದಿನವೂ ಹೊಸದು, ಕಾರಣ ಮಾತ್ರ ಒಂದೇ: ಹನ್ನೊಂದು ವರ್ಷದ ಮೊಮ್ಮಗಳು. ಹುಟ್ಟಿದಾಗ ದುಂಡಗೆ, ಮೆತ್ತಗೆ, ಬೆಚ್ಚಗೆ ಇದ್ದಳೆಂದು ಅಜ್ಜಿಯೇ ಅವಳನ್ನು ಬನ್ನು ಎಂದು ಕರೆದಿದ್ದಳು. ಆಗ ಮನೆಯವರೆಲ್ಲ ನಕ್ಕಿದ್ದರು. ಈಗ ಶಾಲೆಯಲ್ಲಿ ಬೇರೆಯವರು ನಗುತ್ತಿದ್ದರು.

ಸೊಸೆ ಸಿಟಿ ಬಸ್ಸಿನ ಕಂಡಕ್ಟರು. ಬೆಳಕು ಹರಿಯುವ ಮುಂಚೆ ಡಿಪೋಗೆ ಹೋದರೆ ಸಂಜೆಗೇ ಮನೆ. ದಿನವಿಡೀ ನಿಂತು, ಕೂಗಿ, ಚಿಲ್ಲರೆಗೆ ಜಗಳಾಡಿ ಬರುವ ಅವಳಿಗೆ ಮನೆಯಲ್ಲಿ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಮಗ ಬೇಕರಿಯ ಒಲೆ ನೋಡಿಕೊಳ್ಳುತ್ತಿದ್ದ. ಹಿಟ್ಟು ಮೆತ್ತಿದ ಕೈಯಲ್ಲಿ ಇಬ್ಬರ ನಡುವೆ ನಿಂತು, ಇಬ್ಬರಿಗೂ ತಲೆಯಾಡಿಸಿ, ಸದ್ದಿಲ್ಲದೆ ಒಲೆಗೆ ಹಿಂತಿರುಗುವುದರಲ್ಲಿ ಅವನು ಪಳಗಿದ್ದ.

ಆ ತಿಂಗಳ ಮೊದಲಲ್ಲಿ ಸೊಸೆ ಒಂದು ಚಿಕ್ಕ ತಟ್ಟೆ ತಂದಳು. ಬನ್ನುಗೆ ಇನ್ನು ಮುಂದೆ ಇದರಲ್ಲೇ ಊಟ ಎಂದಳು. ಉಳಿದವರ ತಟ್ಟೆಯಲ್ಲಿ ಅನ್ನ, ಆಲೂಗಡ್ಡೆ ಪಲ್ಯ, ಮೊಟ್ಟೆ. ಚಿಕ್ಕ ತಟ್ಟೆಯಲ್ಲಿ ಬೇಯಿಸಿದ ಹುರುಳಿಕಾಯಿ, ಅಂಗೈಯಷ್ಟು ಅನ್ನ. ಬನ್ನು ತಲೆ ತಗ್ಗಿಸಿ ತಿಂದಳು. ಅಜ್ಜಿ ತನ್ನ ತಟ್ಟೆಯ ಮೊಟ್ಟೆಯನ್ನು ಪಕ್ಕಕ್ಕೆ ಸರಿಸಿಟ್ಟಳು. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಬೆಣ್ಣೆ ಸವರಿದ ಬ್ರೆಡ್ಡಿನ ತುಂಡು ಮೊಮ್ಮಗಳ ತಟ್ಟೆಯ ಅಡಿ ಸೇರಿತು. ಸೊಸೆಯ ಕಣ್ಣು ತಪ್ಪಲಿಲ್ಲ.

"ಏನತ್ತೆ ಇದು?"

"ಬ್ರೆಡ್ಡು. ಬ್ರೆಡ್ ಮಾರೋ ಮನೇಲಿ ಬ್ರೆಡ್ ಇರತ್ತೆ."

"ನಾನು ಹೇಳಿದ್ದಕ್ಕೆ ಈ ಮನೇಲಿ ಬೆಲೆನೇ ಇಲ್ವಾ? ನಾಳೆ ಇವಳು ಮೆಟ್ಲು ಹತ್ತಕ್ಕಾಗ್ದೆ ಕೂತ್ರೆ ಯಾರು ಎತ್ತಿ ಹತ್ತಿಸ್ತಾರೆ? ನೀವಾ?"

"ಹಸಿದ ಮಗೂನ ಎದುರಿಗಿಟ್ಕೊಂಡು ನಾನು ಹೊಟ್ಟೆ ತುಂಬ ಉಣ್ಬೇಕಾ? ನನ್ನ ಕೈಲಾಗಲ್ಲ."

"ಕೇಳಿ ಇಲ್ಲಿ. ಇನ್ನೊಂದ್ಸಲ ನನಗೆ ಹೇಳ್ದೆ ಅವಳ ಬಾಯಿಗೆ ಏನಾದ್ರೂ ಹಾಕಿದ್ರೆ, ಅವಳನ್ನ ಕರ್ಕೊಂಡು ನಮ್ಮಮ್ಮನ ಮನೆಗೆ ಹೋಗ್ತೀನಿ. ಆಮೇಲೆ ನೀವುಂಟು, ನಿಮ್ಮ ಬೆಣ್ಣೆ ಉಂಟು."

ಮಗ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಬನ್ನು ಬ್ರೆಡ್ಡನ್ನು ತಟ್ಟೆಯ ಆಚೆಗೆ ತಳ್ಳಿ, "ನಂಗೆ ಹಸಿವಿಲ್ಲ, ಸುಮ್ನಿರಿ ಇಬ್ರೂ" ಅಂದಳು. ಅಜ್ಜಿ ಆ ತುಂಡನ್ನು ಎತ್ತಿ ಡಬ್ಬಿಗೆ ವಾಪಸ್ ಹಾಕಿದಳು. ಸೊಸೆ ಮಾತಿಗೆ ತಪ್ಪುವವಳಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಲ್ಲುನೋವು ಶುರುವಾಗಿದ್ದು ಅದಾದ ಮೇಲಿನ ವಾರ. ಬನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಸಿಹಿ ತಿಂದಿದ್ದರ ವಿಚಾರಣೆ ಶುರುವಾಗುತ್ತದಲ್ಲ. ಗಂಜಿಯನ್ನೂ ಒಂದೇ ಕಡೆಯಿಂದ ನುಂಗುತ್ತಿರುವುದನ್ನು ಅಜ್ಜಿಯೇ ಗಮನಿಸಿ, ಬಲವಂತವಾಗಿ ಬಾಯಿ ತೆರೆಸಿ ನೋಡಿದಳು. ಬಲಗಡೆಯ ದವಡೆ ಹಲ್ಲು ಕಪ್ಪಗೆ ತೂತು ಬಿದ್ದು, ವಸಡು ಕೆಂಪಗೆ ಊದಿತ್ತು.

ಸಂಜೆ ಸೊಸೆ ಬಂದವಳೇ ಬಾಯಿ ನೋಡಿ, ಬೈಯುವುದನ್ನೂ ಮರೆತು ಮಗಳ ಕೆನ್ನೆ ಹಿಡಿದು ನಿಂತಳು. ಹಲ್ಲಿನ ಡಾಕ್ಟರಿಗೆ ಫೋನು ಮಾಡಿದರೆ ಮುಂದಿನ ವಾರ ಬರಲು ಹೇಳಿದರು. ಸೊಸೆಗೆ ರಜೆ ಸಿಗುವುದೂ ಆವಾಗಲೇ. ಅಲ್ಲಿಯತನಕ ಇರಲೆಂದು ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದಳು.

"ಮೆಡಿಕಲ್ ಸ್ಟೋರಿನವನು ತೂಕ ಎಷ್ಟು ಅಂತ ಕೇಳಿದ," ಎಂದು ಊಟದ ಹೊತ್ತಲ್ಲಿ ಗಂಡನಿಗೆ ಹೇಳಿದಳು. "ಹೇಳಿದೆ. ಇಷ್ಟು ತೂಕಕ್ಕೆ ಮಕ್ಕಳ ಸಿರಪ್ಪು ಎಲ್ಲಿ ಸಾಲತ್ತೆ, ದೊಡ್ಡವರ ಲೆಕ್ಕದಲ್ಲೇ ಕೊಡಿ ಅಂದ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು, ಮಲಗೋವಾಗ ಎರಡು."

ಬನ್ನುವಿನ ತಲೆ ಇನ್ನಷ್ಟು ತಗ್ಗಿತು. ತೂಕದ ಮಾತು ಬಂದರೆ ಅವಳ ಕತ್ತಿಗೆ ಮೂಳೆಯೇ ಇಲ್ಲದಂತಾಗುತ್ತಿತ್ತು.

ಮಾತ್ರೆಯಿಂದ ನೋವು ಸ್ವಲ್ಪ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಸೊಸೆ ಕೆಲಸಕ್ಕೆ ಹೋದ ಮೇಲೆ ಮಗು ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡು ಕೂರುವುದನ್ನು ನೋಡಲಾಗದೆ ಅಜ್ಜಿ ತನ್ನ ಕೈಚೀಲ ತೆರೆದಳು. ಅದರಲ್ಲಿ ಅವಳ ಮಂಡಿನೋವಿನ ಮಾತ್ರೆಗಳಿದ್ದವು. ಹಳದಿ ಬಣ್ಣದ, ಉದ್ದನೆಯವು. ಸೊಸೆ ಕೊಡುತ್ತಿದ್ದುದು ಬಿಳಿ, ದುಂಡಗೆ. ಅದು ಹಲ್ಲಿನದು, ಇದು ಮಂಡಿಯದು. ಎರಡೂ ಬೇರೆ ಎಂದೇ ಅಜ್ಜಿಯ ಎಣಿಕೆ.

"ಅಮ್ಮಂಗೆ ಹೇಳ್ಬೇಡ," ಅಂದಳು.

"ಸರಿ," ಅಂದಳು ಬನ್ನು, ನೀರಿನ ಲೋಟ ಹಿಡಿದು.

ಮರುದಿನವೂ ಕೊಟ್ಟಳು. ಅದರ ಮರುದಿನವೂ. ಮಗಳ ಮುಖ ಊದಿರುವುದು ಹಲ್ಲಿನ ಜೊತೆ ನೆಗಡಿಯೂ ಸೇರಿದ್ದಕ್ಕೆ ಎಂದುಕೊಂಡ ಅಪ್ಪ, ಒಲೆಯ ಕೆಲಸದ ಬಿಡುವಿನಲ್ಲಿ ಬಂದು ಬಿಸಿನೀರಿಗೆ ನೆಗಡಿ ಪುಡಿ ಕದಡಿ ಕುಡಿಸಿ ಹೋಗುತ್ತಿದ್ದ. ಅದು ಅಜ್ಜಿಗೆ ಗೊತ್ತಿರಲಿಲ್ಲ. ಅವನಿಗೆ ಅಜ್ಜಿಯದು ಗೊತ್ತಿರಲಿಲ್ಲ. ಸೊಸೆಗೆ ಇಬ್ಬರದೂ ಗೊತ್ತಿರಲಿಲ್ಲ.

ವಾರದ ಕೊನೆಗೆ ಬನ್ನು ವಾಂತಿ ಮಾಡಿಕೊಂಡಳು. ಬೀದಿ ಕೊನೆಯ ಕ್ಲಿನಿಕ್ಕಿಗೆ ಮಗ ಕರೆದೊಯ್ದ. ಅಲ್ಲಿಯವರು ಮಗುವನ್ನು ಮೇಲಿಂದ ಕೆಳಗೆ ನೋಡಿ, ತಿಂದದ್ದು ಅರಗಿಲ್ಲ, ಬೇಕರಿಯವರ ಮಗಳಲ್ವಾ, ತಿನ್ನೋದು ಕಮ್ಮಿ ಮಾಡಿಸಿ ಎಂದು ಹೊಟ್ಟೆಗೊಂದು ಗುಲಾಬಿ ಔಷಧಿ ಕೊಟ್ಟು ಕಳಿಸಿದರು.

"ಅಂಗಡಿಯಿಂದ ಕ್ರೀಮ್ ರೋಲ್ ಎತ್ಕೊಂಡು ತಿಂದಿರ್ತಾಳೆ," ಅಂದ ಮಗ.

"ತಿಂದಿಲ್ಲ," ಅಂದಳು ಅಜ್ಜಿ.

"ಅಮ್ಮಾ, ನೀನು ಯಾವಾಗ್ಲೂ ಅವಳ ಪರಾನೇ."

"ಪರ ವಿರೋಧ ಅಲ್ಲ ಕಣೋ. ಅಡಿಗೆ ಮಾಡೋಳು ನಾನು, ತಟ್ಟೆ ತೊಳೆಯೋಳು ನಾನು. ನಾಲ್ಕು ದಿನದಿಂದ ಗಂಜಿ ಹಾಗೇ ವಾಪಸ್ ಬರ್ತಿದೆ. ಹೊಟ್ಟೇಲಿ ಏನೂ ಇಲ್ಲದೋಳಿಗೆ ಅರಗದೆ ಇರೋಕೆ ಏನಿದೆ?"

ಮಗ ಗುಲಾಬಿ ಔಷಧಿಯ ಬಾಟಲಿಯನ್ನು ಕಿಟಕಿಯ ಬಳಿ ಇಟ್ಟು ಒಲೆಗೆ ಹೋದ. ಮರುದಿನ ಬೆಳಿಗ್ಗೆ ಬನ್ನು ಎದ್ದು ಕೂರಲಾರದೆ ಹೋದಳು. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಇಟ್ಟುಕೊಂಡು ನರಳಿದಳು. ವಾಂತಿಯಲ್ಲಿ ಹಳದಿ ನೀರು ಬಿಟ್ಟು ಬೇರೇನಿಲ್ಲ. ಹಣೆ ತಣ್ಣಗೆ ಬೆವೆತಿತ್ತು. ಅಜ್ಜಿ ಅಂಗಡಿಗೆ ಓಡಿ ಮಗನ ತೋಳು ಹಿಡಿದು ಎಳೆದಳು.

"ಒಲೇಲಿ ಬ್ರೆಡ್ ಇದೆ ಅಮ್ಮ."

"ಸುಟ್ಟು ಹೋಗ್ಲಿ."

ಬ್ರೆಡ್ ಸಾಗಿಸುವ ವ್ಯಾನಿನಲ್ಲಿ ಟ್ರೇಗಳನ್ನು ಪಕ್ಕಕ್ಕೆ ಸರಿಸಿ ಮಗುವನ್ನು ಮಲಗಿಸಿದರು. ಅಜ್ಜಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾರಿಯುದ್ದಕ್ಕೂ ಖಾಲಿ ಟ್ರೇಗಳು ಗಡಗಡ ಎನ್ನುತ್ತಿದ್ದವು. ಬನ್ನು ಕಣ್ಣು ಬಿಡದೆಯೇ, "ಅಜ್ಜಿ, ಮಂಡಿ ನೋಯತ್ತೆ ನಿಂಗೆ, ನಾನು ಭಾರ" ಅಂದಳು. ಅಜ್ಜಿ ಅವಳ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟಳು.

ದೊಡ್ಡಾಸ್ಪತ್ರೆಗೆ ಅವರು ಸೇರಿದ ಸ್ವಲ್ಪ ಹೊತ್ತಿಗೇ ಸೊಸೆಯೂ ಓಡಿಬಂದಳು. ಸಮವಸ್ತ್ರದಲ್ಲೇ ಇದ್ದಳು, ಹೆಗಲಿಗೆ ಟಿಕೆಟ್ ಚೀಲ ಹಾಗೇ ಇತ್ತು. ಅರ್ಧ ದಾರಿಯಲ್ಲಿ ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದಳು. ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಗುವಿನ ಹೊಟ್ಟೆ ಒತ್ತಿ, ಕಣ್ಣು ನೋಡಿ, ರಕ್ತ ಕಳಿಸಿ, ಮೂವರನ್ನೂ ಮೇಜಿನ ಮುಂದೆ ಕೂರಿಸಿಕೊಂಡರು.

"ಏನೇನು ಔಷಧಿ ಕೊಟ್ಟಿದ್ದೀರಿ?"

ಸೊಸೆ ಬಿಳಿ ಮಾತ್ರೆಯ ವಿಷಯ ಹೇಳಿದಳು. ಎಷ್ಟೆಷ್ಟು ಹೊತ್ತಿಗೆ ಎಂದೂ ಹೇಳಿದಳು. ಡಾಕ್ಟರ ಹುಬ್ಬು ಗಂಟಿಕ್ಕಿತು. ಮಗ ಗಂಟಲು ಸರಿಮಾಡಿಕೊಂಡು ನೆಗಡಿ ಪುಡಿಯ ವಿಷಯ ಹೇಳಿದ. ಸೊಸೆ ಸರಕ್ಕನೆ ಅವನತ್ತ ತಿರುಗಿದಳು.

"ಪುಡೀನಾ? ಯಾವಾಗ?"

"ಜಗಳ ಆಮೇಲೆ ಮಾಡಿ," ಅಂದರು ಡಾಕ್ಟರು. "ಆ ಪುಡೀಲೂ ಇದೇ ಔಷಧಿ ಇರತ್ತೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಡೆ ಒಂದೇ. ಬೇರೇನಾದ್ರೂ ಇದ್ಯಾ? ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಇಷ್ಟೇ ಆದ್ರೆ ರಕ್ತದ ರಿಪೋರ್ಟ್ ಬರೋತನಕ ಕಾದು ನೋಡ್ಬಹುದು."

ಅಜ್ಜಿಯ ಕೈಚೀಲ ಮಡಿಲಲ್ಲಿತ್ತು. ಅದು ಕಲ್ಲಿನಷ್ಟು ಭಾರವಾಯಿತು. ಬಣ್ಣ ಬೇರೆ, ಒಳಗಡೆ ಒಂದೇ. ಹೇಳಿದರೆ ಸೊಸೆ ಮಗುವನ್ನು ಕರೆದುಕೊಂಡು ಹೊರಟುಹೋಗುತ್ತಾಳೆ. ಇನ್ನು ಈ ಕೈಯಿಂದ ಅವಳಿಗೆ ಒಂದು ತುತ್ತೂ ಇಲ್ಲ. ಹೇಳದಿದ್ದರೆ? ಪರದೆಯ ಆಚೆ ಮಗು ಓಕರಿಸಿದ ಸದ್ದು ಕೇಳಿತು. ಅಜ್ಜಿ ಚೀಲ ತೆರೆದು, ಅರ್ಧ ಖಾಲಿಯಾದ ಹಳದಿ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಇದನ್ನ ನಾನು ಕೊಟ್ಟೆ. ಕದ್ದು ಕೊಟ್ಟೆ. ಮಂಡಿದು ಅಂದ್ಕೊಂಡಿದ್ದೆ."

ಡಾಕ್ಟರು ಹಾಳೆ ತಿರುಗಿಸಿ ಓದಿದವರೇ ಎದ್ದು ನರ್ಸನ್ನು ಕರೆದು ಏನೋ ಹೇಳಿದರು. ನರ್ಸು ಓಡಿದಳು.

"ಇದರಲ್ಲೂ ಅದೇ ಇದೆ ಅಮ್ಮ. ಜಾಸ್ತಿಯಾದ್ರೆ ಲಿವರಿಗೇ ಪೆಟ್ಟು. ಇನ್ನು ರಿಪೋರ್ಟಿಗೆ ಕಾಯಲ್ಲ, ಅದರ ವಿಷ ಇಳಿಸೋ ಮದ್ದು ಈಗ್ಲೇ ಹಾಕ್ತೀವಿ. ಡ್ರಿಪ್ಪಲ್ಲಿ ಹೋಗತ್ತೆ."

"ನನ್ನ ಮಾತ್ರೆ ಜಾಸ್ತಿ ಇರ್ಲಿಲ್ಲ ಡಾಕ್ಟ್ರೇ," ಅಂದಳು ಸೊಸೆ. "ತೂಕ ಹೇಳಿಯೇ ತಗೊಂಡೆ. ದೊಡ್ಡವರಷ್ಟೇ ತೂಕ ಇದಾಳೆ."

"ಅದೇ ಎಡವಟ್ಟಾಗಿರೋದು. ಮೈ ತೂಕ ಏರಿದಷ್ಟೂ ಲಿವರಿನ ಶಕ್ತಿ ಏರಲ್ಲ. ಇಂಥ ಮಕ್ಕಳಿಗೆ ಬರೀ ತೂಕ ನೋಡಿ ಲೆಕ್ಕ ಹಾಕಿದ್ರೆ ಡೋಸು ಜಾಸ್ತಿಯಾಗಿಬಿಡತ್ತೆ. ಎತ್ತರ, ವಯಸ್ಸು ಎಲ್ಲಾ ನೋಡ್ಬೇಕು. ಜೊತೆಗೆ ಇವಳ ಲಿವರಲ್ಲಿ ಮೊದ್ಲೇ ಒಂಚೂರು ಕೊಬ್ಬು ಸೇರಿರೋ ಹಾಗೆ ಕಾಣತ್ತೆ. ಅದ್ರ ಮೇಲೆ ನಾಲ್ಕು ದಿನ ಊಟ ಬಿಟ್ಟಿದಾಳೆ. ಖಾಲಿ ಹೊಟ್ಟೇಲಿ ಈ ಔಷಧಿನ ತಡ್ಕೊಳ್ಳೋ ಶಕ್ತಿ ಇನ್ನೂ ಕಮ್ಮಿ."

ಸೊಸೆಯ ಹೆಗಲಿಂದ ಟಿಕೆಟ್ ಚೀಲ ಜಾರಿ ಕೆಳಗೆ ಬಿತ್ತು. ಚಿಲ್ಲರೆ ನೆಲದ ಮೇಲೆಲ್ಲ ಉರುಳಿತು. ಯಾರೂ ಬಗ್ಗಿ ಎತ್ತಲಿಲ್ಲ. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಪರದೆಯ ಆಚೆಯಿಂದ ಸಣ್ಣ ದನಿ ಬಂತು.

"ಅಜ್ಜಿನ ಬೈಬೇಡಮ್ಮ. ಮೂರೂ ಜನ ಕೊಡ್ತಿದ್ದಿದ್ದು ನಂಗೆ ಗೊತ್ತಿತ್ತು."

ಸೊಸೆ ಎದ್ದು ಪರದೆ ಸರಿಸಿದಳು. "ಗೊತ್ತಿದ್ದೂ ಯಾಕೆ ನುಂಗ್ದೆ ಕಂದ?"

"ಬೇಡ ಅಂದ್ರೆ ಯಾಕೆ ಅಂತ ಕೇಳ್ತೀರಿ. ಹೇಳಿದ್ರೆ ಜಗಳ ಆಗತ್ತೆ. ನನ್ನಿಂದಾನೇ ಅಲ್ವಾ ಎಲ್ಲಾ ಜಗಳ." ಒಂದು ಗಳಿಗೆ ಉಸಿರು ತೆಗೆದುಕೊಂಡು ಹೇಳಿದಳು, "ಊಟ ಸೇರ್ತಿರ್ಲಿಲ್ಲ. ತೂಕ ಇಳಿಯತ್ತೆ, ನೀನು ಖುಷಿ ಆಗ್ತೀಯ ಅಂತ ಸುಮ್ನಿದ್ದೆ."

ಸೊಸೆ ಮಂಚದ ಅಂಚಿಗೆ ಕೂತು ಮಗಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

ಡ್ರಿಪ್ಪು ಇಳಿಯತೊಡಗಿತು. ರಿಪೋರ್ಟು ಬಂದಾಗ ಲಿವರಿನ ಅಂಕೆಗಳು ಏರಿದ್ದವು. ಮರುದಿನ ಇನ್ನೂ ಏರಿದವು. ಡಾಕ್ಟರು, ಏರುವುದು ನಿರೀಕ್ಷೆಯದೇ, ಮದ್ದು ಸಮಯಕ್ಕೆ ಬಿದ್ದಿದೆ, ನಂಬಿಕೆ ಇರಲಿ ಎಂದರು. ನಂಬಿಕೆ ಇಟ್ಟುಕೊಂಡು ಕೂರುವುದು ಹೇಳಿದಷ್ಟು ಸುಲಭವಲ್ಲ. ಅಜ್ಜಿ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ಒಳಗೆ ಹೋಗುವ ಧೈರ್ಯವೂ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸೊಸೆ ಬಂದು ಪಕ್ಕದಲ್ಲಿ ಕುಳಿತಳು. ಅಜ್ಜಿ ಕಾಯದೆ ತಾನೇ ಮಾತು ತೆಗೆದಳು.

"ನಿಮ್ಮಮ್ಮನ ಮನೆಗೆ ಕರ್ಕೊಂಡು ಹೋಗು. ನಾನು ತಡೆಯಲ್ಲ. ಹುಷಾರಾದ್ಮೇಲೆ ಒಂದ್ಸಲ ಮುಖ ತೋರ್ಸು, ಸಾಕು."

"ಅಲ್ಲಿ ಲಿಫ್ಟ್ ಇಲ್ಲ, ನಾಲ್ಕನೇ ಮಹಡಿ," ಅಂದಳು ಸೊಸೆ. "ನನಗೇ ಹತ್ತಕ್ಕಾಗಲ್ಲ."

ಅಜ್ಜಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆ ಹಾಳೆ ನೀವು ತೆಗೀದೆ ಇದ್ದಿದ್ರೆ ಡಾಕ್ಟ್ರು ಕಾಯ್ತಿದ್ರಂತೆ. ಬೆಳಿಗ್ಗೆ ಅವ್ರೇ ಹೇಳಿದ್ರು, ಅಷ್ಟು ಹೊತ್ತು ವ್ಯರ್ಥ ಆಗ್ದೇ ಇದ್ದಿದ್ದೇ ದೊಡ್ಡದು ಅಂತ." ಸೊಸೆ ಕೈ ಉಜ್ಜಿಕೊಂಡಳು. "ನಾನಾಗಿದ್ರೆ ತೆಗೀತಿದ್ನೋ ಇಲ್ವೋ ಗೊತ್ತಿಲ್ಲ ಅತ್ತೆ. ನೀವು ಕೊಟ್ಟಿದ್ದು ತಪ್ಪು. ತಪ್ಪೇ. ಆದ್ರೆ ಅವಳ ತಟ್ಟೆ ಖಾಲಿ ಮಾಡಿಸಿದ್ದು ನಾನು. ತೂಕ ಹೇಳಿ ಡಬಲ್ ಮಾತ್ರೆ ತಂದಿದ್ದೂ ನಾನು."

"ನಾನು ಅವಳನ್ನ ತಿನ್ಸಿ ತಿನ್ಸಿ..."

"ಸಾಕು ಬಿಡಿ. ಹೀಗೆ ಹಂಚ್ಕೋತಾ ಕೂತ್ರೆ ಪಾಪ ನಿಮ್ಮ ಮಗನಿಗೆ ಬರೀ ಪುಡಿ ಉಳಿಯತ್ತೆ."

ಇಬ್ಬರೂ ನಕ್ಕರು. ಆ ನಗುವಿಗೆ ವಾರ್ಡಿನ ನರ್ಸು ಬಾಗಿಲಿಂದ ಇಣುಕಿ, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿ ಹೋದಳು. ಸೊಸೆ ಎದ್ದು ಅತ್ತೆಗೆ ಕೈ ಕೊಟ್ಟು ಎಬ್ಬಿಸಿದಳು. "ಬನ್ನಿ ಒಳಗೆ. ಅಜ್ಜಿ ಎಲ್ಲಿ, ಅಜ್ಜಿ ಎಲ್ಲಿ ಅಂತ ನನ್ನ ಪ್ರಾಣ ತಿಂತಿದಾಳೆ."

ಮೂರನೆಯ ದಿನ ಅಂಕೆಗಳು ಇಳಿಯತೊಡಗಿದವು. ಡಾಕ್ಟರು ಹಾಳೆ ಹಿಡಿದು ವಾರ್ಡಿಗೆ ಬಂದಾಗ ಅವರ ಮುಖ ನೋಡಿಯೇ ಅಜ್ಜಿಗೆ ವಿಷಯ ತಿಳಿಯಿತು. ಮಗ ಅಲ್ಲೇ ಮಂಚದ ಕಾಲ ಬಳಿ ಕುಕ್ಕರಿಸಿ ಮುಖ ಮುಚ್ಚಿಕೊಂಡ. ಬನ್ನು ದಿಂಬಿಗೆ ಒರಗಿ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ ಹೇಳಿದಳು:

"ನಂಗೆ ಹಸಿವಾಗ್ತಿದೆ. ತುಂಬಾ."

ಚಿಕ್ಕ ತಟ್ಟೆ ಬಂದಾಗಿನಿಂದ ಆ ಮನೆಯಲ್ಲಿ ಹೇಳಬಾರದಾಗಿದ್ದ ಮಾತು ಅದು. ಸೊಸೆ ಡಾಕ್ಟರ ಕಡೆ ನೋಡಿದಳು. ಮೆತ್ತಗಿರೋದು ಏನು ಬೇಕಾದ್ರೂ ಕೊಡಿ ಎಂದರು ಡಾಕ್ಟರು. ಸೊಸೆ ಅತ್ತೆಯ ಕಡೆ ತಿರುಗಿ, "ಏನ್ ನೋಡ್ತಾ ನಿಂತ್ರಿ, ಗಂಜಿ ಕಾಯಿಸ್ಕೊಂಡು ಬನ್ನಿ. ದೊಡ್ಡ ಲೋಟದಲ್ಲಿ" ಅಂದಳು. ಮಂಡಿನೋವಿನ ಅಜ್ಜಿ ಆವತ್ತು ಆಸ್ಪತ್ರೆಯ ಮೆಟ್ಟಿಲು ಇಳಿದ ವೇಗಕ್ಕೆ ಕಾವಲುಗಾರ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮನೆಗೆ ಬಂದ ಮೇಲೆ ಜಗಳಗಳು ನಿಂತವು ಎಂದೇನಲ್ಲ. ಎಣ್ಣೆಗೆ, ಉಪ್ಪಿಗೆ, ಒದ್ದೆ ಟವೆಲಿಗೆ ಧಾರಾಳವಾಗಿ ನಡೆದವು. ಆದರೆ ಚಿಕ್ಕ ತಟ್ಟೆ ಒಳಗೆ ಸೇರಿತು. ಎಲ್ಲರಿಗೂ ಒಂದೇ ಅಡಿಗೆ. ಬನ್ನುಗೆ ಬೇಯಿಸಿದ ಹುರುಳಿಕಾಯಿಯನ್ನು ಅಪ್ಪನೂ ತಿಂದ, ಮುಖ ಹುಳ್ಳಗೆ ಮಾಡಿಕೊಂಡೇ. ಕದ್ದು ತಿನ್ನಿಸುವುದನ್ನು ಅಜ್ಜಿ ಬಿಟ್ಟಳು, ತೂಕದ ಮಾತೆತ್ತಿ ಚುಚ್ಚುವುದನ್ನು ಸೊಸೆ ಬಿಟ್ಟಳು. ಬೆಳಿಗ್ಗೆ ಹತ್ತಿರದ ಅಂಗಡಿಗಳಿಗೆ ಬ್ರೆಡ್ ಹಾಕಲು ಅಪ್ಪ ನಡೆದು ಹೊರಟರೆ ಬನ್ನು ಜೊತೆಗೆ ಹೋದಳು. ಮೊದಮೊದಲು ಹಿಂದೆ ಬೀಳುತ್ತಿದ್ದವಳು ಆಮೇಲೆ ಮುಂದೆ ಹೋಗಿ ನಿಂತು, "ಬೇಗ ಬಾರಪ್ಪ" ಎನ್ನತೊಡಗಿದಳು. ಮನೆಯ ಮಾತ್ರೆಗಳೆಲ್ಲ ಸೊಸೆಯ ಬೀರುವಿಗೆ ಹೋದವು. ಅಜ್ಜಿ ತನ್ನ ಮಂಡಿ ಮಾತ್ರೆಯನ್ನೂ ಸೊಸೆಯನ್ನು ಕೇಳಿಯೇ ತೆಗೆದುಕೊಳ್ಳುತ್ತಿದ್ದಳು, ಪ್ರತಿ ಸಲವೂ ಗೊಣಗಿಕೊಂಡು.

ಆಸ್ಪತ್ರೆಯಲ್ಲಿ ಹಲ್ಲಿನ ಕೀವಿಗೆ ಬೇರೆ ಔಷಧಿ ಕೊಟ್ಟು ಊತ ಇಳಿಸಿದ್ದರು. ಲಿವರು ಪೂರ್ತಿ ಚೇತರಿಸಿಕೊಂಡಿದೆ, ಇನ್ನು ಹಲ್ಲು ಕೀಳಿಸಬಹುದು ಎಂದು ಡಾಕ್ಟರು ಹೇಳಿದ ಮೇಲೆ ಅತ್ತೆ ಸೊಸೆ ಇಬ್ಬರೂ ಬನ್ನುವನ್ನು ಕರೆದುಕೊಂಡು ಹಲ್ಲಿನ ಡಾಕ್ಟರ ಬಳಿ ಹೋದರು. ಹಳೆಯ ಕೈ, ನಂಬಿಕಸ್ಥರು, ಆದರೆ ಯಾವಾಗಲೂ ಅವಸರದ ಮನುಷ್ಯ, ಆಸ್ಪತ್ರೆಯ ವಿಷಯ ಹೇಳಲು ಬಿಡುವೇ ಕೊಡಲಿಲ್ಲ. ಹಲ್ಲು ಸಲೀಸಾಗಿ ಬಂತು. ಬಾಯಿಗೆ ಹತ್ತಿ ಕಚ್ಚಿಸಿ, ಕೈ ತೊಳೆದುಕೊಂಡು, ಬನ್ನುವಿನ ಕಡೆ ಒಂದು ನೋಟ ಬೀರಿ ಚೀಟಿ ಬರೆಯಲು ಕುಳಿತರು.

"ನೋವಿಗೆ ದೊಡ್ಡವರ ಮಾತ್ರೆ ಬರೀತೀನಿ. ಒಳ್ಳೆ ಮೈಕಟ್ಟು ಇದೆ, ಎರಡೆರಡು ಕೊಡಿ, ದಿನಕ್ಕೆ ನಾಲ್ಕು ಸಲ."

ಅಜ್ಜಿ ಬಾಯಿ ತೆರೆದಳು. ಪಕ್ಕದಲ್ಲಿ ಸೊಸೆಯೂ ಬಾಯಿ ತೆರೆದಳು. ಇಬ್ಬರಿಗಿಂತ ಮೊದಲು ಬನ್ನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಾಯಿಯಿಂದ ಹತ್ತಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ತುಟಿ ಮರಗಟ್ಟಿತ್ತು, ಮಾತು ತೊದಲುತ್ತಿತ್ತು. ಆದರೆ ತಲೆ ತಗ್ಗಲಿಲ್ಲ.

"ಅಷ್ಟು ಬೇಡ ಡಾಕ್ಟ್ರೇ. ಹೋದ ತಿಂಗಳು ನೋವಿನ ಮಾತ್ರೆ ಜಾಸ್ತಿಯಾಗಿ ನಾನು ಆಸ್ಪತ್ರೇಲಿದ್ದೆ. ನಾನು ದಪ್ಪ ಇದೀನಿ ಅಂತ ದೊಡ್ಡವರ ಲೆಕ್ಕ ಹಾಕಿದ್ರು. ನನ್ನ ಎತ್ತರಾನೂ ನೋಡಿ ಲೆಕ್ಕ ಹಾಕ್ಬೇಕಂತೆ. ಇಲ್ಲಿ ನನ್ನ ಎತ್ತರ ಯಾರೂ ಅಳೀಲೇ ಇಲ್ಲ."

ಡಾಕ್ಟರ ಪೆನ್ನು ಹಾಗೇ ನಿಂತಿತು. ಕನ್ನಡಕ ತೆಗೆದು, ಈ ಸಲ ಮಗುವನ್ನು ಸರಿಯಾಗಿ ನೋಡಿದರು. ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಕೇಳಿ, ಅಲ್ಲಿಗೆ ಫೋನು ಮಾಡಿ ಒಂದಷ್ಟು ಹೊತ್ತು ಕೇಳಿಸಿಕೊಂಡರು. ಆಮೇಲೆ ಎದ್ದು ಬಂದು, ಗೋಡೆಗೆ ಒರಗಿ ನಿಲ್ಲಲು ಹೇಳಿ ತಾವೇ ಎತ್ತರ ಅಳೆದರು. ಬರೆದಿದ್ದ ಚೀಟಿ ಹರಿದು ಬುಟ್ಟಿಗೆ ಹಾಕಿ ಹೊಸದು ಬರೆದರು.

"ಇದು ನಿನ್ನ ಲೆಕ್ಕ," ಎಂದು ಚೀಟಿಯನ್ನು ದೊಡ್ಡವರಿಗೆ ಕೊಡದೆ ಬನ್ನುವಿನ ಕೈಗೇ ಕೊಟ್ಟರು. "ಹೇಳಿದ್ದು ಒಳ್ಳೇದಾಯ್ತು. ಇನ್ನು ಮುಂದೆ ನಾನೂ ಕೇಳ್ತೀನಿ. ಈಗ ಹತ್ತಿ ಕಚ್ಚು, ಮಾತಾಡ್ಬೇಡ."

ಹೊರಗೆ ಬಂದು ಅತ್ತೆ ಸೊಸೆ ಇಬ್ಬರೂ ಬನ್ನುವಿನ ಒಂದೊಂದು ಕೈ ಹಿಡಿದು ನಡೆದರು. ನಿಲ್ದಾಣದಲ್ಲಿ ಬಸ್ ಬಂತು. ಸೊಸೆಯ ಜೊತೆಯವನೇ ಕಂಡಕ್ಟರು. ಮುಂದಿನ ಸೀಟು ಬಿಡಿಸಿ ಮೂವರನ್ನೂ ಒಟ್ಟಿಗೆ ಕೂರಿಸಿದ. ಬನ್ನು ಇಬ್ಬರ ನಡುವೆ, ಸೀಟಿನ ತುಂಬ ಕೂತಳು. ಎಂದಿನಂತೆ ಮೈ ಮುದುಡಿಕೊಳ್ಳಲಿಲ್ಲ. ಅಜ್ಜಿ ಅರ್ಧ ಸೀಟಿನಾಚೆ ಜಾರಿ ಕಂಬಿ ಹಿಡಿದು ಕೂತಿದ್ದಳು. ಆ ಜಾಗ ಬಿಟ್ಟು ಸಿಂಹಾಸನ ಕೊಟ್ಟರೂ ಏಳುತ್ತಿರಲಿಲ್ಲ.

"ಏನಕ್ಕಾ, ಮಗಳು ಮಾತೇ ಆಡಲ್ವಲ್ಲ?" ಎಂದ ಕಂಡಕ್ಟರು.

"ಇವತ್ತಿಗೆ ಆಡ್ಬೇಕಾದ್ದೆಲ್ಲ ಆಡಿ ಬಂದಿದಾಳೆ ಬಿಡಪ್ಪ," ಅಂದಳು ಸೊಸೆ, ಇಡೀ ಬಸ್ಸಿಗೆ ಕೇಳುವ ಹಾಗೆ.